ಬಿಚ್ಚದೆ ಇಟ್ಟ ಗಂಟು
(2 ಅರಸುಗಳು 4:1–7)



ಪ್ರವಾದಿಗಳ ಶಿಷ್ಯನೊಬ್ಬನು ಸಾಲವನ್ನು ಬಿಟ್ಟು ಸತ್ತನು. ಅವನ ವಿಧವೆಯು ಎಲೀಷನ ಬಳಿಗೆ ಬಂದು, ಸಾಲ ಕೊಟ್ಟವನು ತನ್ನ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯುವದಕ್ಕೆ ಬಂದಿದ್ದಾನೆಂದು ಮೊರೆಯಿಟ್ಟಳು. ಈ ಚರಿತ್ರೆಯನ್ನು ಓದುವಾಗ ನಾವು ಪಾತ್ರೆಗಳಲ್ಲಿ ತುಂಬಿದ ಎಣ್ಣೆಯನ್ನೇ ಧ್ಯಾನಿಸುತ್ತೇವೆ. ಆದರೆ ಎಣ್ಣೆಯು ಹರಿಯುವದಕ್ಕೆ ಮುಂಚೆ ದೇವರ ಮನುಷ್ಯನು ಆಕೆಯ ಮನೆಯಲ್ಲಿ ಏನು ಉಳಿದಿದೆಯೆಂದು ವಿಚಾರಿಸಿದನು. ಸತ್ತವನನ್ನು ನಿಂದಿಸಲಿಲ್ಲ, ಆಕೆಯನ್ನು ಗದರಿಸಲಿಲ್ಲ, ಲೆಕ್ಕವನ್ನು ಕೇಳಿದನು. ಆಕೆ ಮೊದಲು ಏನೂ ಇಲ್ಲವೆಂದಳು, ಅದೇ ಉಸಿರಿನಲ್ಲಿ ಸ್ವಲ್ಪ ಎಣ್ಣೆಯುಂಟೆಂದಳು. ಭಯಪಟ್ಟವರ ಲೆಕ್ಕವು ಹೀಗೆಯೇ ಇರುವದು. ಕೊಡಬೇಕಾದದ್ದು ಬೆಟ್ಟವಾಗಿ ಕಾಣುವದು, ಕೈಯಲ್ಲಿರುವದು ಕಾಣುವದೇ ಇಲ್ಲ.

ಗುಂಡ್ಲುಪೇಟೆಯ ಕಡೆಯ ರೈತನನ್ನು ಕೇಳಿ ನೋಡಿರಿ. ಚೆಂಡುಹೂವಿಗೆ ಈ ವರುಷ ಏನು ಬೆಲೆ ಸಿಕ್ಕಿತು, ಅರಿಶಿನ ಎಷ್ಟು ಕ್ವಿಂಟಾಲ್ ಬಂತು, ಕೊಳವೆಬಾವಿ ಎಷ್ಟು ಅಡಿಗೆ ಇಳಿಯಿತು, ಎಲ್ಲವನ್ನೂ ಥಟ್ಟನೆ ಹೇಳುವನು. ಸಾಲವೆಷ್ಟು ಎಂದರೆ ಸೂರನ್ನು ನೋಡುವನು.

ಅವನನ್ನು ನಾವು ಹಾಸ್ಯಮಾಡಲಾರೆವು. ನಾವೂ ಒಮ್ಮೆ ಮನೆಯಾಕೆಯ ಸರವನ್ನು ಗಿರವಿಯಿಟ್ಟು 40,000 ರೂಪಾಯಿ ತಂದಿದ್ದೆವು. ತರುವಾಯ ಬಂದ ಕಾಗದಗಳನ್ನು ಒಡೆಯದೆ ಕೀರ್ತನೆಯ ಪುಸ್ತಕಗಳ ಹಿಂದೆ ಇಡುತ್ತಾ ಬಂದೆವು. ಪ್ರತಿ ಭಾನುವಾರವೂ ಆ ಪುಸ್ತಕವನ್ನು ತೆಗೆಯುವಾಗ ಕಣ್ಣನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದೆವು. ಏದೇನಿನ ಮರಗಳ ನಡುವೆ ಅಡಗಿಕೊಂಡ ಆದಾಮನ ಮೇಲೆ ಪ್ರಸಂಗ ಮಾಡಿದವರೂ ನಾವೇ! ನಮ್ಮ ಮನಸ್ಸಿನಲ್ಲಿ ಆ ಸಾಲವು ಲಕ್ಷ ರೂಪಾಯಿಯಾಗಿ ಬೆಳೆದಿತ್ತು. ಕಡೆಗೆ ಒಂದು ರಾತ್ರಿ ಮನೆಯಾಕೆಯೇ ಕಾಗದಗಳನ್ನು ಒಡೆದಳು. ಹದಿನಾಲ್ಕು ತಿಂಗಳ ಬಡ್ಡಿ 5,600 ಸೇರಿ ಒಟ್ಟು 45,600 ರೂಪಾಯಿ ಆಗಿತ್ತು. ಆದರೆ ಮೂರನೆಯ ಕಾಗದದಲ್ಲಿ ಸರದ ಹರಾಜಿಗೆ ದಿನವು ಗೊತ್ತಾಗಿತ್ತು. ಉಳಿದದ್ದು ಹನ್ನೊಂದೇ ದಿವಸ. ನಾವು ಭಯಪಟ್ಟದ್ದಕ್ಕಿಂತ ಮೊತ್ತವು ಕಡಿಮೆ, ಆದರೆ ವೇಳೆಯು ನಾವು ನೆನಸಿದ್ದಕ್ಕಿಂತ ಬಹಳ ಕಡಿಮೆ. ಎರಡು ಮೇಕೆಗಳನ್ನು ತೆರಕಣಾಂಬಿಯ ಸಂತೆಯಲ್ಲಿ ಮಾರಿ, ಬಡ್ಡಿಯನ್ನು ಕಟ್ಟಿ, ವಾಯಿದೆಯನ್ನು ಮುಂದಕ್ಕೆ ಹಾಕಿಸಿದೆವು. ಮನೆಯಾಕೆಯು ನಮ್ಮನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೇದಿತ್ತು.

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಕಿರುಸಾಲದ ವಸೂಲಿಗೆ ಅಂಜಿ ಕುಟುಂಬಗಳು ಮನೆಗೆ ಬೀಗ ಹಾಕಿ ಹೊರಟುಹೋದ ವರ್ತಮಾನವನ್ನು ನೀವೆಲ್ಲರೂ ಬಲ್ಲಿರಿ. ಫೆಬ್ರವರಿಯಲ್ಲಿ ಸರಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಇದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಅದರಿಂದ ಎಲ್ಲಾ ಸಾಲವೂ ಹೋಯಿತೆಂದು ನಂಬಿದವರು ಉಂಟು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳ ಸಾಲವು ಹೋಗಲಿಲ್ಲ. ಯಾರಿಂದ ತಂದೆವೆಂಬದನ್ನು ಸಾಲದ ಕಾರ್ಡಿನಲ್ಲಿ ನೋಡದೆ ಇದನ್ನು ತಿಳಿಯುವದು ಹೇಗೆ? ಆ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಕಟ್ಟಿದ ಕಂತುಗಳೆಲ್ಲಾ ಅದರಲ್ಲಿ ದಾಖಲಾಗಬೇಕು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ಮನೆಯ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಸಾಲ ಕೊಡಬಾರದೆಂದೂ ಅದೇ ನಿಯಮದಲ್ಲಿದೆ.

ಇದನ್ನು ನಾವು ಕೂಟದಲ್ಲಿ ಹೇಳಿದ ಮೇಲೆ ಸಭೆಯ ಒಬ್ಬ ತಾಯಿಯು ಕತ್ತಲಾದ ಮೇಲೆ ನಮ್ಮ ಮನೆಗೆ ಬಂದರು. ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟನ್ನು ಚಾಪೆಯ ಮೇಲಿಟ್ಟು, "ಅಯ್ಯನವರೇ, ನೀವೇ ಬಿಚ್ಚಿ. ನನ್ನ ಕೈ ಏಳುವದಿಲ್ಲ" ಅಂದರು. ಎಲೀಷನು ಆ ವಿಧವೆಗೆ ಬಾಗಿಲು ಮುಚ್ಚಿಕೊಳ್ಳಬೇಕೆಂದು ಹೇಳಿದ್ದನಲ್ಲವೇ? ನಾವೂ ಬಾಗಿಲನ್ನು ಮುಚ್ಚಿದೆವು. ಬಡವರ ಲೆಕ್ಕವು ಊರಿನ ಕಟ್ಟೆಯ ಮಾತಾಗಬಾರದು. ಗಂಟಿನಲ್ಲಿ ನಾಲ್ಕು ಕಾರ್ಡುಗಳಿದ್ದವು. ವಾರಕ್ಕೆ 750, 600, 550, 450, ಕೂಡಿಸಿದರೆ 2,350. ನಾಲ್ಕು ವಾರಕ್ಕೆ 9,400 ರೂಪಾಯಿ. ತಾಯಿಯೂ ಮಗನೂ ಕೂಲಿಯಿಂದ ತರುವದು ತಿಂಗಳಿಗೆ ಹದಿಮೂರು ಸಾವಿರ. ಆಕೆ ಬಹಳ ಹೊತ್ತು ಸುಮ್ಮನೆ ಕೂತಿದ್ದು, "ಹಾಗಾದರೆ ನನಗೆ ದುಡಿಯೋದಕ್ಕೆ ಬರದೆ ಅಲ್ಲ" ಅಂದರು. ಆ ಮಾತನ್ನು ಕೇಳಿ ನಮ್ಮ ಕಣ್ಣು ತುಂಬಿತು. ಅಷ್ಟು ದಿವಸ ಆಕೆ ತನ್ನನ್ನೇ ಸೋಮಾರಿಯೆಂದು ಶಪಿಸಿಕೊಂಡಿದ್ದರು.

ಪ್ರಾರ್ಥನೆ ಮಾಡಿ ಕಳುಹಿಸಿದೆವು. ಸೋಮವಾರ ವಸೂಲಿಯವನು ಬರುವದಕ್ಕೆ ಮುಂಚೆ, ಸಭೆಯ ಹಿರಿಯರೊಬ್ಬರನ್ನು ಕರೆದುಕೊಂಡು ಆಕೆಯೇ ಆ ಕಚೇರಿಗಳಿಗೆ ಹೋದರು. ಎರಡು ಕಡೆ ಕಂತನ್ನು ತಗ್ಗಿಸಿ ವಾಯಿದೆಯನ್ನು ಉದ್ದಮಾಡಿದರು. ಮೂರನೆಯವರು ಒಪ್ಪಲಿಲ್ಲ. ನಾಲ್ಕನೆಯದು ಬರುವ ಈಸ್ಟರ್ ಹಬ್ಬದೊಳಗೆ ತೀರುವದು.