ಕಡಲಾಚೆಯ ಮತ

ಕಾರವಾರ, ಅಂಕೋಲಾಗಳಿಂದ ಕೊಲ್ಲಿ ನಾಡುಗಳಿಗೆ ದುಡಿಯಹೋದ ನಮ್ಮ ಮಕ್ಕಳಿಗೆ ಮತದಾನದ ಹಕ್ಕುಂಟೇ? ಉಂಟೆನ್ನುತ್ತದೆ ಕಾನೂನು. 2010ರ ತಿದ್ದುಪಡಿಯಂತೆ, ಪರದೇಶದ ಪೌರತ್ವ ಪಡೆಯದ ಅನಿವಾಸಿಯು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಊರಿನಲ್ಲಿಯೇ ಮತದಾರನಾಗಬಹುದು. ಆದರೆ ಮತಗಟ್ಟೆಗೆ ಖುದ್ದಾಗಿ ಬರಬೇಕು. ಅಂಚೆ ಮತಪತ್ರ ಅವನಿಗಿಲ್ಲ. ಅರ್ಗಾದ ನೌಕಾನೆಲೆಯ ಯೋಧನಾದರೋ ತನ್ನ ದೂರದ ಊರಿಗೆ ಅಂಚೆಯಲ್ಲಿ ಮತ ಕಳುಹಿಸಬಲ್ಲನು. 2003ರಿಂದ ಪ್ರತಿನಿಧಿಯ ಮೂಲಕವೂ ಹಾಕಿಸಬಲ್ಲನು. ಅದು ನ್ಯಾಯವೇ. ಆದರೆ ಆ ನೆಲೆಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬದ ಮಗ ಕುವೈತಿನಲ್ಲಿದ್ದರೆ ವಿಮಾನವೇರಿಯೇ ಬರಬೇಕು! ಟಿಕೆಟಿನ ಹಣವಿದ್ದವನಿಗಷ್ಟೇ ಎಟಕುವ ಹಕ್ಕು ಇದು.

ಊರು ಬಿಟ್ಟವನಿಗೆ ಊರಿನ ಗೊಡವೆ ಏಕೆಂದು ಕೇಳುವವರಿದ್ದಾರೆ. ಅವನ ತಂದೆತಾಯಿಗಳು ಇಲ್ಲಿಯೇ ಇದ್ದಾರಲ್ಲವೇ? ಎದೆನೋವು ಬಂದರೆ ಗೋವೆಗೋ ಮಣಿಪಾಲಕ್ಕೋ ಓಡಬೇಕಾದವರು ಅವರೇ.

ಅನಿವಾಸಿಗಳಿಗೂ ಪ್ರತಿನಿಧಿ ಮತದಾನ ನೀಡುವ ಮಸೂದೆಗೆ 2018ರಲ್ಲಿ ಲೋಕಸಭೆ ಒಪ್ಪಿಗೆಯಿತ್ತಿತು. 2019ರಲ್ಲಿ ಲೋಕಸಭೆಯ ವಿಸರ್ಜನೆಯೊಡನೆ ಅದು ಬಿದ್ದುಹೋಯಿತು. ನನಗದರ ಬೇಸರವಿಲ್ಲ. ಮನಸ್ಸಾಕ್ಷಿಯನ್ನು ಹೆತ್ತ ತಂದೆಗೂ ಬರೆದುಕೊಡಲಾಗದು. 2020ರಲ್ಲಿ ಚುನಾವಣಾ ಆಯೋಗ ಮುಂದಿಟ್ಟಂತೆ, ಮತಪತ್ರವನ್ನು ಗಣಕಯಂತ್ರದ ಮೂಲಕ ಕಳುಹಿಸಿ ಅಂಚೆಯಲ್ಲಿ ಮರಳಿ ಪಡೆಯುವ ದಾರಿಯೇ ಮೇಲು. ಎಂಟು ಮಂದಿ ಮಲಗುವ ಕಾರ್ಮಿಕರ ಕೋಣೆಯಲ್ಲಿ ಗುಟ್ಟಾಗಿ ಗುರುತು ಹಾಕಲು ಅವನಿಗೆ ಎಡೆ ದೊರೆಯುವುದೇ ಎಂಬುದೊಂದೇ ನನ್ನ ಚಿಂತೆ.