ಸಾಲ ಮಾಡಲು ಎಷ್ಟು ಪ್ರಾಯವಾಗಬೇಕು?

ಒಂದು ಭಾನುವಾರ ಬಲಿಪೂಜೆಯ ನಂತರ ನಮ್ಮ ಧರ್ಮಕೇಂದ್ರದ ತಂದೆಯೊಬ್ಬರು ನನ್ನ ಬಳಿ ಬಂದರು. 16ರ ಪ್ರಾಯದ ಮಗ ಕ್ರೆಡಿಟ್ ಕಾರ್ಡ್ ಬೇಕೆಂದು ಹಟ ಹಿಡಿದಿದ್ದಾನೆ. ಅವನ ಹೆಸರಿಗೆ ಕೊಡಲಾಗದೆಂದು ಬ್ಯಾಂಕಿನವರು ಹೇಳಿದರಂತೆ. "ಫಾದರ್, ನನ್ನ ಕಾರ್ಡನ್ನೇ ಪಿನ್ ಸಮೇತ ಅವನ ಕೈಗೆ ಕೊಟ್ಟರೆ ತಪ್ಪೇ?" ಎಂದು ಕೇಳಿದರು. ತಪ್ಪು ಎಂದು ಥಟ್ಟನೆ ಹೇಳಿಬಿಟ್ಟೆ. ಏಕೆ ತಪ್ಪೆಂದು ಯೋಚಿಸಿದ್ದು ಆಮೇಲೆ.

ಬ್ಯಾಂಕಿನವರ ಮಾತಿಗೆ ಕಾನೂನಿನ ಆಧಾರವಿದೆ. 1872ರ ಭಾರತೀಯ ಕರಾರು ಕಾಯಿದೆಯಂತೆ ಪ್ರಾಯ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಂಥವರ ಕರಾರು ಮೊದಲಿನಿಂದಲೇ ಅಸಿಂಧುವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ಕಲ್ಕತ್ತೆಯಲ್ಲಿ ಪ್ರಾಯ ತುಂಬದ ತರುಣನೊಬ್ಬ ಮನೆಗಳನ್ನು ಅಡವಿಟ್ಟು ಸಾಲ ಪಡೆದ ಮೊಕದ್ದಮೆಯದು. ಸೋತದ್ದು ಸಾಲ ಕೊಟ್ಟವರ ಕಡೆಯವರು.

ಹಾಗೆಂದು ಮಕ್ಕಳಿಗೆ ಹಣದ ವ್ಯವಹಾರವೇ ನಿಷಿದ್ಧವಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕ್ ಪರಿಷ್ಕರಿಸಿದ ನಿಯಮದಂತೆ 10 ವರ್ಷ ತುಂಬಿದವರು ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಬಹುದು. ಬ್ಯಾಂಕ್ ಒಪ್ಪಿದರೆ ಡೆಬಿಟ್ ಕಾರ್ಡನ್ನೂ ಪಡೆಯಬಹುದು. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಅಷ್ಟೆ.

ಇಲ್ಲಿ ನನಗೊಂದು ತೊಡಕು ಕಂಡಿತು. ಧರ್ಮಸಭೆಯ ಕಾನೂನು ಸಂಹಿತೆಯೂ 18 ತುಂಬಿದವರನ್ನೇ ವಯಸ್ಕರೆಂದು ಎಣಿಸುತ್ತದೆ. ಆದರೆ 7 ತುಂಬಿದ ಮಗುವಿಗೆ ವಿವೇಕವಿದೆಯೆಂದು ಭಾವಿಸುತ್ತದೆ. ಆ ಪ್ರಾಯದಿಂದಲೇ ನಾವು ಮಕ್ಕಳನ್ನು ಪಾಪನಿವೇದನೆಗೆ ಅಣಿಗೊಳಿಸುತ್ತೇವೆ. ದೇವರ ಮುಂದೆ ತನ್ನ ತಪ್ಪಿಗೆ ಉತ್ತರ ಕೊಡಬಲ್ಲ ಮಗು ಬ್ಯಾಂಕಿನ ಮುಂದೆ ಏಕೆ ಕೊಡಲಾರದು? ನನಗೆ ತೋರಿದ್ದು ಇಷ್ಟು: ಪಾಪನಿವೇದನೆಯಲ್ಲಿ ಮಗು ತಾನು ಮಾಡಿದ್ದನ್ನು ಹೇಳುತ್ತದೆ, ಸಾಲದಲ್ಲಾದರೋ ತಾನಿನ್ನೂ ಆರಂಭಿಸದ ದುಡಿಮೆಯನ್ನು ಒತ್ತೆಯಿಡುತ್ತದೆ. ಆದುದನ್ನು ಅರಿಯುವ ವಿವೇಕ ಬೇರೆ, ನಾಳೆಯ ಬದುಕನ್ನು ಇಂದೇ ಮಾತುಕೊಟ್ಟು ಕಟ್ಟಿಹಾಕುವುದು ಬೇರೆ.

ಇನ್ನು ತಂದೆಯ ಕಾರ್ಡಿನ ವಿಚಾರ. ಪಿನ್ ಅನ್ನು ಯಾರಿಗೂ ತಿಳಿಸುವುದಿಲ್ಲವೆಂಬ ಷರತ್ತಿಗೆ ಒಪ್ಪಿಯೇ ಅವರು ಅದನ್ನು ಪಡೆದಿರುತ್ತಾರೆ. ಹೀಗಾಗಿ ಮಗನಿಗೆ ಕಲಿಸುವ ಮೊದಲ ಪಾಠವೇ ಕೊಟ್ಟ ಮಾತನ್ನು ಮುರಿಯುವುದಾಗುತ್ತದೆ. ಬಾಕಿ ಉಳಿದರೆ ಸಾಮಾನ್ಯವಾಗಿ ತಿಂಗಳಿಗೆ ಶೇಕಡಾ 3ಕ್ಕೂ ಮಿಕ್ಕಿದ ಬಡ್ಡಿ. ಬ್ಯಾಂಕಿನವರೇ ಕೊಡುವ ಪೂರಕ ಕಾರ್ಡಿನಲ್ಲೂ ಹೊಣೆ ಮೂಲ ಕಾರ್ಡುದಾರರದೇ.

ಲೂಕನ ಶುಭಸಂದೇಶದ ಕಿರಿಯ ಮಗನೂ ತಂದೆ ಬದುಕಿರುವಾಗಲೇ ತನ್ನ ಪಾಲನ್ನು ಕೇಳಿ ಪಡೆದವನು. ಆದರೆ ಅವನು ಕೊಂಡೊಯ್ದದ್ದು ಒಂದು ದಿನ ಮುಗಿದುಹೋಗುವ ಆಸ್ತಿ. ಬರಗಾಲ ಬಂದಾಗ ಹಸಿವು ಅವನದೇ ಆಗಿತ್ತು. ಆ ಹಸಿವೇ ಅವನನ್ನು ಮನೆಯತ್ತ ತಿರುಗಿಸಿತು. ತಂದೆಯ ಕಾರ್ಡು ಹಿಡಿದ ಮಗನಿಗೆ ಬರಗಾಲವೇ ಬರುವುದಿಲ್ಲ. ಹಸಿಯುವವರು ತಂದೆ, ಅದೂ ಮಗನಿಗೆ ತಿಳಿಯದಂತೆ.

ಮುಂದಿನ ಭಾನುವಾರ ಆ ತಂದೆಗೆ ಇದನ್ನೇ ಹೇಳಿ, ಮಗನ ಹೆಸರಿಗೆ ಉಳಿತಾಯ ಖಾತೆ ತೆರೆಯಿರಿ, ನಿಮ್ಮ ಕಾರ್ಡಿನ ಬಿಲ್ಲನ್ನು ತಿಂಗಳಿಗೊಮ್ಮೆ ಅವನ ಜೊತೆ ಕುಳಿತು ನೋಡಿ ಎಂದೆ. ಖಾತೆಯೇನೋ ತೆರೆದಾಗಿದೆ. ಬಿಲ್ಲು ತೋರಿಸಲು ಮಾತ್ರ ಅವರಿಗೆ ಸಂಕೋಚ. ಅದರಲ್ಲಿ ಅವರದೇ ಹಳೆಯ ಬಾಕಿ ಇದೆಯಂತೆ.