ದಾರಿಯ ಸಾಲ

ಹಬ್ಬಕ್ಕೋ ಮದುವೆಗೋ ಮುಂಬಯಿಯಿಂದ ಊರಿಗೆ ಬಂದವರಿಗೆ ನೀವು ಕೇಳುವ ಪ್ರಶ್ನೆಗಳು ಎರಡೇ. ಒಂದು, "ಯಾವಾಗ ಬಂದ್ರಿ?" ಇನ್ನೊಂದು, "ಮತ್ತ ಯಾವಾಗ ಹೊಂಟ್ರಿ?" ಇವೆರಡರ ನಡುವೆ 550 ಕಿಲೋಮೀಟರಿನಷ್ಟು ದಾರಿ ಇದೆ. ಅದನ್ನು ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಎಂ.ಕಾಂ. ಮುಗಿಸಿ 1981ರಲ್ಲಿ ಧಾರವಾಡ ಬಿಟ್ಟು ಬ್ಯಾಂಕಿನ ನೌಕರಿಗೆಂದು ಬಂದು, ಡೊಂಬಿವಲಿಯಲ್ಲೇ ಕೂದಲು ಹಣ್ಣು ಮಾಡಿಕೊಂಡ ನನ್ನಂಥವನಿಗೆ ಆ ದಾರಿಯೂ ಒಂದು ಊರಿದ್ದ ಹಾಗೆ. ಆ ಊರಿನಲ್ಲಿ ನಾನು ಒಂದು ಸಾಲ ಮಾಡಿದ್ದೇನೆ. ಅದರ ಲೆಕ್ಕವನ್ನು ಈಗಲಾದರೂ ಬರೆದಿಡಬೇಕು ಅನ್ನಿಸಿದೆ.

1987ರ ಮಾರ್ಚ್. ಬೆಳಿಗ್ಗೆ ತಂತಿ ಬಂತು, ತಂದೆಯ ಆರೋಗ್ಯ ಗಂಭೀರ, ಕೂಡಲೇ ಹೊರಡು ಅಂತ. ಸೆಕೆಂಡ್ ಹ್ಯಾಂಡ್ ಪ್ರೀಮಿಯರ್ ಪದ್ಮಿನಿ ಕೊಂಡು ಇನ್ನೂ ಆರು ತಿಂಗಳಾಗಿರಲಿಲ್ಲ. ಹೆಂಡತಿ, ಎರಡು ವರ್ಷದ ಮಗ, ಒಂದು ಹಾಸಿಗೆ ಸುರುಳಿ ಹಾಕಿಕೊಂಡು ಹೊರಟೆ. ಪುಣೆ ದಾಟಿ ಖಂಬಾಟಕಿ ಘಾಟ್ ಏರುವಾಗ ಸಂಜೆಯಾಗಿತ್ತು. ಅರ್ಧ ಏರುವಷ್ಟರಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿತು, ಬಾನೆಟ್‌ನಿಂದ ಹಬೆ ಎದ್ದಿತು. ಫ್ಯಾನ್ ಬೆಲ್ಟ್ ಹರಿದಿತ್ತು. ಆ ಗಾಡಿಯಲ್ಲಿ ನೀರಿನ ಪಂಪು ತಿರುಗುವುದು ಅದೇ ಬೆಲ್ಟಿನಿಂದ, ಬ್ಯಾಟರಿಗೆ ಚಾರ್ಜು ಬರುವುದೂ ಅದರಿಂದಲೇ. ನನಗೆ ಡೆಬಿಟ್ ಕ್ರೆಡಿಟ್ ಗೊತ್ತಿತ್ತು, ಬೆಲ್ಟ್ ಗೊತ್ತಿರಲಿಲ್ಲ. ಅವಸರದಲ್ಲಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ.

"ಸಾರ್, ಬೇಡ!" ಅಂತ ಯಾರೋ ಹಿಂದಿನಿಂದ ಕೂಗಿದರು. ತಿರುಗಿ ನೋಡಿದರೆ ನಾಮಕ್ಕಲ್ ಅಂತ ಬರೆದಿದ್ದ ಒಂದು ಲಾರಿ, ಅದರಿಂದ ಇಳಿದು ಬರುತ್ತಿದ್ದ ಡ್ರೈವರ್. ಬೆಂಗಳೂರಿಗೆ ಲೋಡು ಹೊಡೆದು ಹೊಡೆದು ಕಲಿತ ನಾಲ್ಕಾರು ಕನ್ನಡ ಶಬ್ದ ಅವನ ಹತ್ತಿರ ಇದ್ದವು. ಕಾದ ಮುಚ್ಚಳ ತೆರೆದಿದ್ದರೆ ಕುದಿಯುವ ನೀರು ನನ್ನ ಮುಖಕ್ಕೆ ಸಿಡಿಯುತ್ತಿತ್ತು. ಅವನು ಮೊದಲು ಮಾಡಿದ ಕೆಲಸ, ಎರಡೂ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟದ್ದು. ಆಮೇಲೆ ಗಾಡಿಯ ಹಿಂದೆ ಸ್ವಲ್ಪ ದೂರದವರೆಗೆ ರಸ್ತೆಯ ಮೇಲೆ ಏಳೆಂಟು ಕಲ್ಲು ಸಾಲಾಗಿ ಇಟ್ಟು, ಅವುಗಳ ಮೇಲೆ ಹಸಿರು ಟೊಂಗೆ ಮುರಿದು ಹಾಕಿದ. ಎಂಜಿನ್ ಆರುವವರೆಗೆ ಬೀಡಿ ಸೇದುತ್ತ ಕೂತ. ಹಳೆಯ ಟ್ಯೂಬಿನಿಂದ ಒಂದು ಪಟ್ಟಿ ಕೊಯ್ದು ಬೆಲ್ಟಿನ ಜಾಗದಲ್ಲಿ ಬಿಗಿದ. ತನ್ನ ಕ್ಯಾನಿನ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ದ. "ಮೆಲ್ಲ, ಮೆಲ್ಲ" ಅಂದ.

ಹೊರಡುವ ಮುಂಚೆ ನನ್ನ ಕೈ ಹಿಡಿದು ರಸ್ತೆಯ ಮೇಲಿನ ಕಲ್ಲು ತೋರಿಸಿದ. ತಂದೆಯ ಚಿಂತೆಯಲ್ಲಿದ್ದ ನನಗೆ ಕಲ್ಲಿನ ಗೊಡವೆ ಬೇಕಿರಲಿಲ್ಲ. ಅವನು ಬಿಡಲಿಲ್ಲ. "ಪೀಛೇವಾಲಾ ಮರೇಗಾ" ಅಂದ. ಹಿಂದಿನಿಂದ ಬರುವವನು ಸಾಯ್ತಾನೆ. ಇಬ್ಬರೂ ಕೂಡಿ ಒಂದೊಂದೇ ಕಲ್ಲು ಎತ್ತಿ ಗಟಾರಿಗೆ ಎಸೆದೆವು. ಸಾತಾರಾದವರೆಗೆ ಅವನ ಲಾರಿ ನನ್ನ ಹಿಂದೆಯೇ ಬಂತು. ಅಲ್ಲಿ ಮುಚ್ಚಿದ ಅಂಗಡಿಯ ಬಾಗಿಲು ತಟ್ಟಿ ಬೆಲ್ಟ್ ಕೊಡಿಸಿದ. ನಾನು ಐವತ್ತರ ನೋಟು ಹಿಡಿದರೆ ತಗೊಳ್ಳಲಿಲ್ಲ, ಒಂದು ಚಹಾ ಮಾತ್ರ ಕುಡಿದು ಹೋದ. ಹೆಸರೂ ಕೇಳಲಿಲ್ಲ ನಾನು.

ಬೆಳಗಿನ ಐದಕ್ಕೆ ಧಾರವಾಡ ಮುಟ್ಟಿದೆ. ಅಪ್ಪನಿಗೆ ಎಚ್ಚರ ಇತ್ತು. "ದಾರ್ಯಾಗ ತ್ರಾಸ ಆತೇನೋ?" ಅಂದರು. "ಇಲ್ಲಪ್ಪಾ, ಚಲೋ ಬಂದ್ವಿ" ಅಂದೆ. ಆ ಮಧ್ಯಾಹ್ನವೇ ಹೋದರು. ದಾರಿಯ ಬಗ್ಗೆ ನನ್ನನ್ನು ಕೇಳಿದವರು ಅವರೊಬ್ಬರೇ. ಆ ಒಂದು ಮಾತು ನನಗೆ ಸಿಕ್ಕದ್ದು ನಾಮಕ್ಕಲ್ಲಿನ ಆ ಮನುಷ್ಯನಿಂದ.

ಇದು ಖಾತೆಯ ಎಡಪುಟ. ಇನ್ನು ಬಲಪುಟಕ್ಕೆ ಬರುತ್ತೇನೆ.

2007ರ ಮೇ ತಿಂಗಳು. ಅಣ್ಣನ ಮಗಳ ಮದುವೆ ಮುಗಿಸಿಕೊಂಡು ಮಾರುತಿ ಕಾರಿನಲ್ಲಿ ಡೊಂಬಿವಲಿಗೆ ಹೊರಟಿದ್ದೆವು. ನಿಪ್ಪಾಣಿಯಲ್ಲಿ ಊಟ ಮಾಡಿ ಕೊಲ್ಹಾಪುರ ದಾಟಿದಾಗ ರಾತ್ರಿ ಹನ್ನೊಂದರ ಹತ್ತಿರ. ರಸ್ತೆಯ ಬದಿಗೆ ಬಾನೆಟ್ ಎತ್ತಿದ ಒಂದು ಕಾರು. ಒಬ್ಬ ಗಂಡಸು ಎರಡೂ ಕೈ ಎತ್ತಿ ಬೀಸುತ್ತಿದ್ದ. ನಮ್ಮ ದೀಪದ ಬೆಳಕಿನಲ್ಲಿ ಇನ್ನೂ ಒಂದು ಕಂಡಿತು: ಮೈಲಿಗಲ್ಲಿನ ಹತ್ತಿರ ಕೂತ ಹೆಂಗಸು, ಅವಳ ತೊಡೆಯ ಮೇಲೆ ಕೂಸು.

"ನಿಲ್ಲಸ್ರಿ, ಕೂಸು ಅದ" ಅಂದಳು ನನ್ನ ಹೆಂಡತಿ.

"ಮೈಮ್ಯಾಲೆ ಬಂಗಾರ ಅದ. ಸುಮ್ಮನ ಕೂಡು" ಅಂದೆ. ಆಕ್ಸಿಲರೇಟರ್ ಒತ್ತಿದೆ.

ಇದರಲ್ಲಿ ತಪ್ಪೇನು ಅಂತ ನೀವು ಕೇಳಬಹುದು. ಬಹಳ ವರ್ಷ ನಾನೂ ನನ್ನನ್ನೇ ಹಾಗೆ ಕೇಳಿಕೊಂಡೆ. ಹೆದ್ದಾರಿಯಲ್ಲಿ ಹೀಗೆ ಕೈ ತೋರಿಸಿ ನಿಲ್ಲಿಸಿ ದೋಚುವುದು ಕಟ್ಟುಕಥೆಯಲ್ಲ. ಹೆಂಗಸು ಕೂಸು ಮುಂದಿಟ್ಟುಕೊಂಡು ಮಾಡಿದ ಪ್ರಕರಣಗಳನ್ನೂ ಪೇಪರಿನಲ್ಲಿ ಓದಿದ್ದೇವೆ. ಗೃಹಸ್ಥನಾದವನ ಮೊದಲ ಕರ್ತವ್ಯ ತನ್ನ ಗಾಡಿಯಲ್ಲಿ ಕೂತವರ ಕಡೆಗೆ. ಬ್ಯಾಂಕಿನಲ್ಲಿ ನಾವು ಗುರುತಿಲ್ಲದವನಿಗೆ, ಜಾಮೀನಿಲ್ಲದೆ, ಸಾಲ ಕೊಡುವುದಿಲ್ಲ. ಕೊಟ್ಟರೆ ಅದು ದಯೆ ಅಲ್ಲ, ಬೇಜವಾಬ್ದಾರಿ. ಹಾಗಾದರೆ ರಾತ್ರಿ ಹನ್ನೊಂದಕ್ಕೆ ಗುರುತಿಲ್ಲದವನಿಗೆ ನನ್ನ ಹೆಂಡತಿಯ ಜೀವವನ್ನು ಯಾವ ಜಾಮೀನಿನ ಮೇಲೆ ಒತ್ತೆ ಇಡಲಿ?

ಈ ವಾದ ಸುಳ್ಳಲ್ಲ. ಈಗಲೂ ನಾನು ಅದನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಆದರೆ ಆ ರಾತ್ರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸ್ವಲ್ಪ ಮುಂದೆ ಟೋಲ್ ನಾಕಾ ಬಂತು. ಕಿಡಕಿಯಲ್ಲಿ ಮನುಷ್ಯ ಇದ್ದ, ಬದಿಗೆ ಪೊಲೀಸರ ಜೀಪು ನಿಂತಿತ್ತು, ನನ್ನ ಕಿಸೆಯಲ್ಲಿ ಮೊಬೈಲ್ ಇತ್ತು. ಹಣ ಕೊಟ್ಟೆ. ಚಿಲ್ಲರೆಗಾಗಿ ಕಾಯ್ದೆ, ಎಣಿಸಿ ತಗೊಂಡೆ. "ಹಿಂದೆ ಒಂದು ಸಂಸಾರ ನಿಂತಿದೆ, ಕೂಸು ಇದೆ" ಅಂತ ಹೇಳಲು ಹತ್ತು ಸೆಕೆಂಡು ಸಾಕಿತ್ತು. ಹೇಳಲಿಲ್ಲ. ಹೇಳಿದರೆ "ನೀವ್ಯಾಕ ನಿಲ್ಲಲಿಲ್ಲ?" ಅಂತ ಕೇಳಿಯಾರು ಅನ್ನುವ ನಾಚಿಕೆ ಇರಬಹುದು. ಅಥವಾ, ಹೇಳಿದರೆ ಅವರು ಕಳ್ಳರಲ್ಲ, ನಿಜವಾಗಿಯೂ ಕಷ್ಟದಲ್ಲಿದ್ದವರು ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ನಿಲ್ಲದೆ ಬಂದದ್ದು ಸರಿ ಅನ್ನಿಸಬೇಕಾದರೆ ಅವರು ಕಳ್ಳರಾಗಿಯೇ ಇರಬೇಕಿತ್ತು. ಅದಕ್ಕಾಗಿ ಅವರನ್ನು ಕಳ್ಳರನ್ನಾಗಿ ಮಾಡಿದೆ. ನಿಲ್ಲದಿದ್ದದ್ದು ಜಾಣತನ ಇರಬಹುದು. ಹೇಳದೆ ಇದ್ದದ್ದಕ್ಕೆ ನನ್ನ ಹತ್ತಿರ ಒಳ್ಳೆಯ ಹೆಸರಿಲ್ಲ.

ಹೆಂಡತಿ ಆ ಮಾತನ್ನು ಮತ್ತೆ ಎತ್ತಲಿಲ್ಲ. 2023ರವರೆಗೆ.

ಆ ವರ್ಷ ಡಿಸೆಂಬರ್‌ನಲ್ಲಿ ಪುಣೆಯಲ್ಲಿರುವ ಮಗ ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದ. ಟೆಂಪೋ ಟ್ರಾವೆಲರಿನ ಒಳಗೆ ಮನೆ ಕಟ್ಟಿದ ಗಾಡಿ. ಮಂಚ, ಒಲೆ, ಫ್ರಿಜ್ಜು, ಕೈ ತೊಳೆಯುವ ಸಿಂಕು, ಸಣ್ಣ ಸಂಡಾಸು, ನೀರಿನ ಟಾಕಿ, ಎಲ್ಲ ಇದ್ದವು. "ಅಪ್ಪಾ, ಈ ಸಲ ಯಾರ ಮನ್ಯಾಗೂ ಇಳ್ಕೊಳ್ಳೋದು ಬ್ಯಾಡ, ನಮ್ಮ ಮನಿ ನಮ್ಮ ಜೋಡಿನ ಬರತದ" ಅಂದ. ಧಾರವಾಡ ನೋಡಿಕೊಂಡು ದಾಂಡೇಲಿಗೆ ಹೋಗುವ ಬೇತು. ಮೊಮ್ಮಗನ ಸಂಭ್ರಮ ಕೇಳಬೇಡಿ.

ಕೊಗನೊಳ್ಳಿ ಹತ್ತಿರ ಗಡಿ ದಾಟಿ, ನಿಪ್ಪಾಣಿ ಬಿಟ್ಟು, ತವಂದಿ ಘಾಟ್ ಏರುವಾಗ ಸುಟ್ಟ ವಾಸನೆ ಬಂತು. ಎಂಜಿನ್ ಅರಚುತ್ತಿದೆ, ಗಾಡಿ ಏರುತ್ತಿಲ್ಲ. ಕ್ಲಚ್ ಪ್ಲೇಟ್ ಹೋಗಿತ್ತು. ಮೊದಲೇ ಸವೆದದ್ದು, ಮೇಲೆ ಮಂಚ, ಕಪಾಟು, ತುಂಬಿದ ನೀರಿನ ಟಾಕಿ, ಇಷ್ಟೆಲ್ಲ ಹೊತ್ತು ಘಾಟ್ ಏರುವಾಗ ಅರ್ಧ ಕ್ಲಚ್ಚಿನಲ್ಲೇ ಒತ್ತಿ ಓಡಿಸಿದ್ದಾನೆ ಮಗ. ಬಾಡಿಗೆಯವರಿಗೆ ಫೋನ್ ಮಾಡಿದರೆ, ಪುಣೆಯಿಂದ ಮನುಷ್ಯ ಬರಲಿಕ್ಕೆ ಆರು ತಾಸು ಬೇಕು ಅಂದರು. ಹೆದ್ದಾರಿಯ ಸಹಾಯವಾಣಿ 1033ಕ್ಕೆ ಹೇಳಿದೆವು. ಅವರ ಕ್ರೇನು ಬಂದು ಗಾಡಿಯನ್ನು ಅಗಲ ಇದ್ದ ಕಡೆ ಬದಿಗೆ ಸರಿಸಿ ನಿಲ್ಲಿಸಿ ಹೋಯಿತು.

"ಅಜ್ಜಾ, ಮನಿ ನಮ್ಮ ಜೋಡಿನ ಅದ ಅಲ್ಲಾ, ಒಳಗ ಮಲಗೋಣ" ಅಂದ ಮೊಮ್ಮಗ. ನಾನು ಎಲ್ಲರನ್ನೂ ಕೆಳಗಿಳಿಸಿ ತಡೆಗೋಡೆಯ ಆಚೆ ಕೂಡಿಸಿದೆ. ಹೆದ್ದಾರಿಯಲ್ಲಿ ನಿಂತ ಗಾಡಿಯ ಒಳಗೆ ಕೂಡಬಾರದು, ಹಿಂದಿನಿಂದ ಬರುವ ಲಾರಿಗೆ ಒಂದು ಕ್ಷಣ ನಿದ್ದೆ ಹತ್ತಿದರೆ ಮುಗಿಯಿತು. ಒಳಗೆ ಮೆತ್ತನ್ನ ಹಾಸಿಗೆ ಇಟ್ಟುಕೊಂಡು ನಾವು ಹೊರಗೆ ಥಂಡಿಯಲ್ಲಿ ಕಲ್ಲಿನ ಮೇಲೆ ಕೂತೆವು. ಹೊರನಾಡಿನ ಸಂಸಾರವೂ ಹೀಗೇ ಅಲ್ಲವೇ ಅನ್ನಿಸಿತು. ಎಲ್ಲ ಸೌಕರ್ಯ ನಮ್ಮದೇ ಇರುತ್ತದೆ. ಗಾಡಿ ನಿಂತ ದಿನ ಮಾತ್ರ ಬೇಕಾಗುವವನು, ನಮ್ಮದಲ್ಲದ ಯಾರೋ ಒಬ್ಬ ಮನುಷ್ಯ.

ಬ್ಯಾಂಕಿನ ಚಾಳಿ, ಹೋಗುವ ಗಾಡಿಗಳನ್ನು ಎಣಿಸಲಿಕ್ಕೆ ಹತ್ತಿದೆ. ಮುನ್ನೂರಕ್ಕೆ ಬಿಟ್ಟೆ. ಮಗನಿಗೆ ಸಿಟ್ಟು ಬಂದಿತ್ತು. "ಒಬ್ಬರಿಗಾದರೂ ಮನುಷ್ಯತ್ವ ಅದನ ನೋಡ್ರಿ" ಅಂದ. ನನಗೆ ಸಿಟ್ಟು ಬರಲಿಲ್ಲ. ಆ ಮುನ್ನೂರರಲ್ಲಿ ನಾನೂ ಇದ್ದೆ. ಕತ್ತಲೆಯಲ್ಲಿ ಹೆಂಡತಿ ಮೆಲ್ಲಗೆ ಅಂದಳು, "ಆ ಕೂಸಿಗೆ ಈಗ ಹದಿನೇಳೋ ಹದಿನೆಂಟೋ ಆಗಿರಬೇಕು."

ಯಾವ ಕೂಸು ಅಂತ ನಾನು ಕೇಳಲಿಲ್ಲ.

ಕೊನೆಗೆ ಬೈಕಿನ ಮೇಲೆ ಹೊಲದಿಂದ ಹೊರಟಿದ್ದ ಒಬ್ಬ ರೈತ ನಿಂತ. ನಾವು ಇಟ್ಟಿದ್ದ ಕೆಂಪು ತ್ರಿಕೋನ ಲಾರಿಗಳ ಗಾಳಿಗೆ ಬಿದ್ದು ಬಿದ್ದು ಹೋಗುತ್ತಿತ್ತು. ಅವನು ಏನೂ ಮಾತಾಡದೆ ಕಲ್ಲು ತಂದು ಸಾಲಾಗಿ ಇಟ್ಟ, ಟೊಂಗೆ ಹಾಕಿದ. ಆಮೇಲೆ ನಿಪ್ಪಾಣಿಯ ತನ್ನ ಗುರುತಿನ ಮೇಸ್ತ್ರಿಗೆ ಫೋನ್ ಹಚ್ಚಿದ. ಮೇಸ್ತ್ರಿ ಸಾಮಾನು, ಹುಡುಗ, ಜಾಕು ಎಲ್ಲ ಹೇರಿಕೊಂಡು ಬಂದ. ಗೇರ್ ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಕೂಡಿಸುವಷ್ಟರಲ್ಲಿ ರಾತ್ರಿ ಒಂದೂವರೆ. ಸಾಮಾನಿನ ಬಿಲ್ಲು ಬಿಟ್ಟು ಮಜೂರಿಯೇ ಐದು ಸಾವಿರ ಕೇಳಿದ.

"ಪುಣೆದಾಗ ಇದರ ಅರ್ಧಕ್ಕ ಮಾಡತಾರ, ಇದು ಸುಲಿಗಿ" ಅಂದ ಮಗ. ನಾನು ಕೊಡಿಸಿದೆ. ಅರ್ಧಕ್ಕೆ ಮಾಡುವ ಪುಣೆಯವನು ಹಗಲಿನಲ್ಲಿ, ಸಿಮೆಂಟ್ ನೆಲದ ಮೇಲೆ, ಮಾಡುತ್ತಾನೆ. ಇವನು ಊಟದ ತಾಟು ಬಿಟ್ಟು ಎದ್ದು ಬಂದು, ಪಕ್ಕದಲ್ಲಿ ಲಾರಿಗಳು ಹೋಗುತ್ತಿರುವಾಗ ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಕಷ್ಟದಲ್ಲಿದ್ದವನ ಹತ್ತಿರ ಹೆಚ್ಚು ಕೇಳುವುದು ಯಾವಾಗಲೂ ಅನ್ಯಾಯವಲ್ಲ; ಅವನ ಕಷ್ಟದ ಬೆಲೆ ಕೇಳಿದರೆ ಅನ್ಯಾಯ, ತನ್ನ ಕಷ್ಟದ ಬೆಲೆ ಕೇಳಿದರೆ ನ್ಯಾಯ. ಇನ್ನೂ ಒಂದು ಉಪಕಾರ ಅವನು ಮಾಡಿದ. ದುಡ್ಡು ತಗೊಂಡು ಖಾತೆ ಮುಗಿಸಿದ. ರೈತ ಹಾಗೆ ಮಾಡಲಿಲ್ಲ. ಮೇಸ್ತ್ರಿ ಬರುವವರೆಗೆ ಕೂತಿದ್ದು, "ಬರತೀನ್ರಿ, ಎಮ್ಮಿ ಹಿಂಡೂದೈತಿ" ಅಂತ ಎದ್ದು ಹೋದ. ನಾಮಕ್ಕಲ್ಲಿನವನ ಹಾಗೆ.

ದುಡ್ಡು ತಗೊಳ್ಳದೆ ಹೋದವರ ಸಾಲ ಅವರಿಗೇ ತಿರುಗಿಸಲು ಆಗುವುದಿಲ್ಲ. ಅವರ ವಿಳಾಸ ಇರುವುದಿಲ್ಲ. ಅದು ಮುಂದೆ ದಾರಿಯಲ್ಲಿ ನಿಂತಿರುವವನ ಹೆಸರಿಗೆ ವರ್ಗವಾಗುತ್ತದೆ. ನನ್ನ ಸಾಲ 2007ರಲ್ಲಿ ಕೊಲ್ಹಾಪುರದ ಆಚೆ ಒಂದು ಮೈಲಿಗಲ್ಲಿನ ಹತ್ತಿರ ವಸೂಲಿಗೆ ಬಂದಿತ್ತು. ನಾನು ಕೊಡಲಿಲ್ಲ.

ಅಪಘಾತದಲ್ಲಿ ಗಾಯಗೊಂಡವರಿಗೆ ನೆರವಾದವರನ್ನು ಪೊಲೀಸರು, ಕೋರ್ಟು ಕಾಡಬಾರದು ಅಂತ 2016ರಲ್ಲಿ ಸುಪ್ರೀಂ ಕೋರ್ಟು ಮಾರ್ಗಸೂಚಿಗಳನ್ನು ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಒಳ್ಳೆಯದೇ ಆಯಿತು. ಆದರೆ ಕಾನೂನು ತೆಗೆಯಬಲ್ಲದ್ದು ಪೊಲೀಸರ ಅಂಜಿಕೆಯನ್ನು, ಕತ್ತಲೆಯ ಅಂಜಿಕೆಯನ್ನಲ್ಲ. ಕೆಟ್ಟು ನಿಂತ ಗಾಡಿಯವನ ಪಾಲಿಗೆ ಉಳಿಯುವುದು ನಮ್ಮ ನಮ್ಮ ಮನಸ್ಸೇ.

ಹಾಗಾದರೆ ನಿಲ್ಲಬೇಕೋ ಬೇಡವೋ? ಎಲ್ಲರೂ ಎಲ್ಲ ಹೊತ್ತಿನಲ್ಲೂ ನಿಲ್ಲಬೇಕು ಅಂತ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಗಾಡಿಯಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡವನು ನಿಲ್ಲಲಿಲ್ಲ ಅಂತ ನಾನು ಬೈಯಲಾರೆ. ನನ್ನ ತಪ್ಪು ಇದ್ದದ್ದು, ಆಯ್ಕೆಗಳು ಎರಡೇ ಅಂದುಕೊಂಡದ್ದರಲ್ಲಿ. ನಿಲ್ಲಲಾಗದವನು ಹೇಳಬಹುದು. ಈಗ 1033 ಇದೆ, ಮುಂದಿನ ನಾಕಾ ಇದೆ, ಧಾಬಾ ಇದೆ. ನೋಡಿದ್ದನ್ನು ನೋಡಿಲ್ಲ ಅಂತ ಮಾಡಿಕೊಳ್ಳದೆ ಇರುವುದು, ಇದಕ್ಕೆ ಯಾವ ಬಂಗಾರದ ಅಪಾಯವೂ ಇಲ್ಲ. ನಮ್ಮ ಹಿರಿಯರು ಬೇಸಿಗೆಯಲ್ಲಿ ದಾರಿಯ ಬದಿ ಅರವಟ್ಟಿಗೆ ಇಡುತ್ತಿದ್ದರು. ನೀರು ಕುಡಿಯುವವನು ಯಾರು ಅಂತ ಅವರಿಗೂ ಗೊತ್ತಿರುತ್ತಿರಲಿಲ್ಲ.

ಆ ರಾತ್ರಿ ತವಂದಿ ಘಾಟಿನಲ್ಲಿ ಗಾಡಿ ಚಾಲೂ ಆದಾಗ ಮಗ ಹಾರ್ನ್ ಹೊಡೆದು ಕರೆದ. ನಾನು ಮೊಮ್ಮಗನನ್ನು ಕರೆದುಕೊಂಡು, ಮಗನಿಗೆ ಹಿಂದೆ ಟಾರ್ಚು ಹಿಡಿದು ನಿಲ್ಲಲು ಹೇಳಿ, ಕಲ್ಲು ತೆಗೆಯಲು ಹೋದೆ. ಹತ್ತು ಕಲ್ಲು ಇದ್ದವು. ದೊಡ್ಡವನ್ನು ನಾನು, ಸಣ್ಣವನ್ನು ಅವನು. "ನಾವು ಹೊಂಟೇವಲ್ಲ ಅಜ್ಜಾ, ಇನ್ನ ಯಾಕ?" ಅಂದ. ಹಿಂದಿನಿಂದ ಬರುವವರಿಗೆ ಅಂದೆ.

ಇದರಿಂದ ಸಾಲ ತೀರಿತು ಅಂತ ನಾನು ಬರೆಯುವುದಿಲ್ಲ. ಬಡ್ಡಿ ಕಟ್ಟಿದೆ, ಅಷ್ಟೇ. ಅಸಲು ಹಾಗೇ ಇದೆ. ಆ ರಾತ್ರಿ ಆ ಸಂಸಾರಕ್ಕೆ ಯಾರಾದರೂ ನಿಂತರೋ ಇಲ್ಲವೋ ನನಗೆ ಯಾವತ್ತೂ ತಿಳಿಯುವುದಿಲ್ಲ.

ಮುಂದಿನ ಸಲ ನಿಮ್ಮ ಮನೆಗೆ ಮುಂಬಯಿಯವರೋ ಪುಣೆಯವರೋ ಬಂದರೆ, ಯಾವಾಗ ಹೊಂಟ್ರಿ ಅಂತ ಕೇಳುವ ಮುಂಚೆ, ದಾರಿ ಹೆಂಗಿತ್ತು ಅಂತ ಒಂದು ಮಾತು ಕೇಳಿ. ಚಲೋ ಇತ್ತು ಅಂತಲೇ ಅಂದಾರು. ಆದರೂ ಕೇಳಿ.